ಈ ಲೆಕ್ಕ ಎಷ್ಟು ಖಾರ? ಪ್ರಾಥಮಿಕ ಶಾಲೆಯ ಮಕ್ಕಳಿಗೆ ಭಾವನೆಯನ್ನೂ ಗಣಿತವನ್ನೂ ಒಟ್ಟಿಗೆ ಕಲಿಸುವ ಮಾರ್ಗದರ್ಶಿ

ಭಾನುವಾರದ ಸಂತೆಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಅವ್ವನ ಪಕ್ಕ ಕುಳಿತು ತರಕಾರಿ ಮಾರುತ್ತಿದ್ದಳು. ಗಿರಾಕಿಯೊಬ್ಬರು ಕಿಲೋಗೆ 40 ರೂಪಾಯಿಯ ಬದನೆಕಾಯಿ ಮುಕ್ಕಾಲು ಕಿಲೋ, ಕಿಲೋಗೆ 24 ರೂಪಾಯಿಯ ಟೊಮೆಟೊ ಅರ್ಧ ಕಿಲೋ, 10 ರೂಪಾಯಿಯ ಒಂದು ಸಿವುಡು ಮೆಂತೆ ತೆಗೆದುಕೊಂಡು ನೂರರ ನೋಟು ಕೊಟ್ಟರು. ಅವರು ಚೀಲಕ್ಕೆ ತುಂಬಿಕೊಳ್ಳುವಷ್ಟರಲ್ಲಿ ಹುಡುಗಿ 48 ರೂಪಾಯಿ ಎಣಿಸಿ ಕೈಗಿಟ್ಟಳು. ಮರುದಿನ ನಾಲ್ಕನೆಯ ತರಗತಿಯ ಹಲಗೆಯ ಮೇಲೆ 100 – 52 ಎಂದು ಬರೆದು ಅವಳನ್ನೇ ಕರೆದೆ. ಬಂದಳು. ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು. 152 ಎಂದು ಬರೆದು ತಲೆ ತಗ್ಗಿಸಿ ನಿಂತಳು. ನೂರರಲ್ಲಿ ಕಳೆದರೆ ನೂರಕ್ಕಿಂತ ಹೆಚ್ಚು ಉಳಿಯುವುದಿಲ್ಲ ಎಂಬುದು ಆ ಮಗುವಿಗೆ ನನಗಿಂತ ಚೆನ್ನಾಗಿ ಗೊತ್ತು. ಹಲಗೆಯ ಮುಂದೆ ಅದೆಲ್ಲಿ ಹೋಯಿತು?

ಬ್ಯಾಡಗಿ ಸೀಮೆಯ ಶಾಲೆಯಲ್ಲಿ ಪಾಠ ಮಾಡುವ ನಾನು ಆ ಪ್ರಶ್ನೆಯ ಬೆನ್ನು ಹತ್ತಿದೆ. ಓದಿ, ತರಗತಿಯಲ್ಲಿ ಮಾಡಿ ನೋಡಿ, ಕೆಲವನ್ನು ಬಿಟ್ಟು ಕೆಲವನ್ನು ಉಳಿಸಿಕೊಂಡೆ. ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿರುವ ಮನೆಗೂ ಶಾಲೆಗೂ ಇದು ಹೊಂದುತ್ತದೆ.

ಸಂತೆಗೂ ಹಲಗೆಗೂ ನಡುವಿನ ಈ ಅಂತರ ನಮ್ಮ ಊರಿನದಷ್ಟೇ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳನ್ನು ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಬೀದಿಯಲ್ಲಿ ಆ ಮಕ್ಕಳ ಲೆಕ್ಕ ಶೇಕಡಾ 98ರಷ್ಟು ಸರಿಯಿತ್ತು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಶೇಕಡಾ 37ಕ್ಕೆ ಇಳಿಯಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಸಂಗಡಿಗರು ಕೋಲ್ಕತಾ ಹಾಗೂ ದೆಹಲಿಯ ಮಾರುಕಟ್ಟೆಯ ಮಕ್ಕಳಲ್ಲಿಯೂ ಇದೇ ಕಂದಕವನ್ನು ಕಂಡು 2025ರಲ್ಲಿ ಬರೆದರು. ಒಂದು ಕಾರಣ ದಾರಿಯದು: ಬಾಯಿಲೆಕ್ಕದಲ್ಲಿ ಮಗು 52ಕ್ಕೆ 8 ಸೇರಿಸಿ 60, ಅಲ್ಲಿಂದ 40 ಎಂದು ಏರುತ್ತದೆ, ಬರೆಯುವಾಗ ಬಲಗಡೆಯಿಂದ ಒಂದೊಂದೇ ಅಂಕಿ ಹಿಡಿಯುತ್ತದೆ. ಇನ್ನೊಂದು ಕಾರಣ ಎದೆಯೊಳಗಿನದು. ಲೆಕ್ಕ ಮುಗಿಯುವ ತನಕ ಅಂಕಿಗಳನ್ನು ಹಿಡಿದಿಡುವ ಪುಟ್ಟ ಬೊಗಸೆಯೊಂದು ತಲೆಯೊಳಗೆ ಇರುತ್ತದೆ. ಮನಶ್ಶಾಸ್ತ್ರದಲ್ಲಿ ಅದಕ್ಕೆ ಕಾರ್ಯಸ್ಮೃತಿ ಎನ್ನುತ್ತಾರೆ. ಅಂಜಿಕೆ ಬಂದಾಗ ‘ತಪ್ಪಾದರೆ ಏನು ಗತಿ’ ಎಂಬ ಯೋಚನೆಯೇ ಆ ಬೊಗಸೆಯನ್ನು ತುಂಬುತ್ತದೆ, ಅಂಕಿಗಳು ಸೋರಿಹೋಗುತ್ತವೆ. ಅಮೆರಿಕದ ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು.

ಭಾವನಾತ್ಮಕ ಬುದ್ಧಿವಂತಿಕೆ ಎಂಬ ಮಾತನ್ನು ಇಲ್ಲಿ 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಕೊಟ್ಟ ಅರ್ಥದಲ್ಲಿ ಬಳಸುತ್ತೇನೆ: ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸುವುದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು, ಆ ತಿಳಿವನ್ನು ಯೋಚನೆಗೂ ನಡೆಗೂ ಬಳಸಿಕೊಳ್ಳುವುದು. ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಮಗು ತನ್ನ ಅಂಜಿಕೆಯನ್ನು ಗುರುತಿಸಿದರೆ ಸಾಲದು, ಆ ಗುರುತನ್ನು ಮುಂದಿನ ಲೆಕ್ಕದಲ್ಲಿ ಬಳಸಬೇಕು. ಆದ್ದರಿಂದ ಭಾವನೆಗೆಂದು ಪ್ರತ್ಯೇಕ ಪಾಠದ ಅವಧಿ ಇಡುವುದನ್ನು ನಾನು ಒಪ್ಪುವುದಿಲ್ಲ. ಎರಡೂ ಒಂದೇ ಪಾಟಿಯ ಮೇಲೆ ನಡೆಯಬೇಕು.

ಹೆಜ್ಜೆ 1: ಮೊದಲು ದೊಡ್ಡವರ ಬಾಯಿ

ಒಂದು ವಾರ ನಿಮ್ಮ ಮಾತುಗಳನ್ನೇ ಗಮನಿಸಿ. ‘ನನಗೂ ಗಣಿತ ಬರುತ್ತಿರಲಿಲ್ಲ’, ‘ನಮ್ಮ ಮನೆತನದಲ್ಲೇ ಲೆಕ್ಕ ಇಲ್ಲ’ ಎಂಬ ಮಾತುಗಳನ್ನು ಪ್ರೀತಿಯಿಂದಲೇ ಆಡಿರುತ್ತೇವೆ. ಮಗುವಿನ ಕಿವಿಗೆ ಅವು ತೀರ್ಪಿನಂತೆ ಕೇಳುತ್ತವೆ. 2015ರಲ್ಲಿ ಅಮೆರಿಕದ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಗಣಿತಕ್ಕೆ ಅಂಜುವ ತಂದೆತಾಯಿ ಮನೆಗೆಲಸಕ್ಕೆ ಪದೇ ಪದೇ ಸಹಾಯ ಮಾಡಿದ ಮಕ್ಕಳು ವರ್ಷದ ಕೊನೆಗೆ ಕಡಿಮೆ ಕಲಿತಿದ್ದರು, ಹೆಚ್ಚು ಅಂಜುತ್ತಿದ್ದರು. ಅಂಜುವವರೇ ಆದರೂ ಅಷ್ಟಾಗಿ ಸಹಾಯಕ್ಕೆ ಕೂರದ ತಂದೆತಾಯಿಯ ಮಕ್ಕಳಲ್ಲಿ ಆ ಪರಿಣಾಮ ಕಾಣಲಿಲ್ಲ. ಅಂದರೆ ನಮ್ಮ ಅಂಜಿಕೆ ಪಾಟಿಯ ಪಕ್ಕ ಬಂದು ಕುಳಿತಾಗಲೇ ಮಗುವಿಗೆ ಅಂಟುತ್ತದೆ.

ಎಲ್ಲಕ್ಕಿಂತ ಹೆಚ್ಚು ನೋಯಿಸುವ ಮಾತು ‘ಇದು ಸುಲಭ’ ಎಂಬುದು. ಧೈರ್ಯ ಹೇಳಲೆಂದೇ ಆಡುತ್ತೇವೆ. ಆದರೆ ಬಾರದ ಮಗು ಅದನ್ನು ‘ಸುಲಭದ್ದೂ ನನಗೆ ಬರುವುದಿಲ್ಲ’ ಎಂದು ಕೇಳಿಸಿಕೊಳ್ಳುತ್ತದೆ. ಬಂದರೂ ಹೆಮ್ಮೆಪಡಲು ಏನೂ ಉಳಿಯುವುದಿಲ್ಲ. ‘ಇದರಲ್ಲಿ ಎರಡು ತಿರುವು ಇವೆ, ನೋಡುತ್ತ ಹೋಗೋಣ’ ಎನ್ನಿ. ‘ಜಾಣೆ’ ಎನ್ನುವ ಬದಲು ‘ಚಿತ್ರ ಬರೆದು ನೋಡಿದೆಯಲ್ಲ, ಅದರಿಂದಲೇ ದಾರಿ ಸಿಕ್ಕಿತು’ ಎನ್ನಿ.

ಹೆಜ್ಜೆ 2: ಅಂಜಿಕೆಯೋ, ಪಾಠದ ಕೊರತೆಯೋ ಪತ್ತೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವಾರದ ಮಟ್ಟಿಗೆ ಒಂದು ನೋಟ್‌ಬುಕ್ ಇಡಿ. ಗಣಿತದ ಅವಧಿ ಬಂದ ಕೂಡಲೇ ನೀರು ಕುಡಿಯಲು ಹೋಗುವ ಮಗು, ಹೊಟ್ಟೆನೋವು ಎನ್ನುವ ಮಗು, ಹಾಳೆ ತೂತಾಗುವಷ್ಟು ರಬ್ಬರಿನಿಂದ ಅಳಿಸುವ ಮಗು, ಓದದೆಯೇ ‘ಕೂಡಿಸಬೇಕೋ ಕಳೆಯಬೇಕೋ?’ ಎಂದು ಕೇಳುವ ಮಗು, ಎಲ್ಲರಿಗಿಂತ ಮೊದಲು ಮುಗಿಸಿ ಉತ್ತರವನ್ನು ಅಂಗೈಯಿಂದ ಮುಚ್ಚಿಡುವ ಮಗು, ಇವರನ್ನು ಗುರುತು ಹಾಕಿಕೊಳ್ಳಿ. ಕೊನೆಯ ಬಗೆಯ ಮಕ್ಕಳು ಸಾಮಾನ್ಯವಾಗಿ ನಮ್ಮ ಕಣ್ಣು ತಪ್ಪಿಸುತ್ತಾರೆ.

ಆಮೇಲೆ ಒಬ್ಬೊಬ್ಬರನ್ನೇ ಶಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಬೇರೆ ಯಾರೂ ನೋಡದಂತೆ, ಬಾರದೆ ಹೋದ ಲೆಕ್ಕವನ್ನೇ ಸಣ್ಣ ಅಂಕಿಗಳಲ್ಲಿ ಹುಣಸೆ ಬೀಜ ಕೊಟ್ಟು ಕೇಳಿ. ಅಲ್ಲಿ ಸಲೀಸಾಗಿ ಮಾಡಿದರೆ ಅಡ್ಡಿಯಾದದ್ದು ಬಹುತೇಕ ಅಂಜಿಕೆ. ಅಲ್ಲಿಯೂ ತೊಡಕಾದರೆ ಬಿಡಿ, ಹತ್ತು, ನೂರರ ಸ್ಥಾನಬೆಲೆಯಲ್ಲೋ, ಗುಣಾಕಾರದ ಅರ್ಥದಲ್ಲೋ ಕೊರತೆಯಿದೆ. ಕೊರತೆಯಿರುವ ಮಗುವಿಗೆ ಸಮಾಧಾನದ ಮಾತು ಹೇಳಿ ಕಳುಹಿಸುವುದು ಅನ್ಯಾಯ. ಅದಕ್ಕೆ ಬೇಕಾದದ್ದು ಪಾಠ. ಅನೇಕ ಮಕ್ಕಳಲ್ಲಿ ಎರಡೂ ಇರುತ್ತವೆ, ಒಂದು ಇನ್ನೊಂದನ್ನು ಬೆಳೆಸುತ್ತದೆ.

ಹಲವು ತಿಂಗಳು ಒಬ್ಬೊಬ್ಬರಾಗಿಯೇ ಕಲಿಸಿದರೂ ಐದು ಬೀಜ, ಏಳು ಬೀಜಗಳಲ್ಲಿ ಯಾವುದು ಹೆಚ್ಚು ಎಂಬುದೇ ನಿಲ್ಲದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಮೊದಲು ಕಣ್ಣು, ಕಿವಿಯ ಪರೀಕ್ಷೆಯಾಗಲಿ. ಆಮೇಲೆ ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ನಮ್ಮ ಭಾಗದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್ ಇದೆ.

ಹೆಜ್ಜೆ 3: ಭಾವನೆಗೆ ಹೆಸರು, ಲೆಕ್ಕಕ್ಕೆ ಖಾರ

‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ಮಕ್ಕಳು ಹತ್ತು ಭಾವನೆಗಳನ್ನು ತುಂಬಿಬಿಡುತ್ತಾರೆ. ಬಿಡಿಸಿ ಕೊಡುವುದು ನಮ್ಮ ಕೆಲಸ, ಏಕೆಂದರೆ ಒಂದೊಂದು ಭಾವನೆಗೂ ಲೆಕ್ಕದಲ್ಲಿ ಒಂದೊಂದು ಮದ್ದು. ಅಂಜಿಕೆ ಲೆಕ್ಕ ಓದುವ ಮೊದಲೇ ಬರುತ್ತದೆ. ಮೊದಲ ಒಂದು ಸಾಲನ್ನಷ್ಟೇ ಓದಲು ಹೇಳಬೇಕು. ಸಿಟ್ಟು ತಪ್ಪಾದ ಮೇಲೆ ಬರುತ್ತದೆ. ಅಳಿಸಲು ಬಿಡದೆ ಪಕ್ಕದಲ್ಲಿ ಹೊಸದಾಗಿ ಬರೆಯಲು ಜಾಗ ಕೊಡಬೇಕು. ನಾಚಿಕೆ ಹಲಗೆಯ ಮುಂದೆ ಬರುತ್ತದೆ. ಆ ಮಗುವನ್ನು ಕೆಲವು ದಿನ ಹಲಗೆಗೆ ಕರೆಯದೆ ಪಾಟಿಯ ಮೇಲೆ ಬರೆಸಬೇಕು. ನಿಜವಾದ ಬೇಸರ ಬಂದಿದ್ದರೆ ಲೆಕ್ಕ ತೀರಾ ಸಪ್ಪೆಯಾಗಿದೆ, ಅಂಕಿ ದೊಡ್ಡದು ಮಾಡಬೇಕು.

ಗೊಂದಲದ ಬಗ್ಗೆ ಬೇರೆಯೇ ಹೇಳಬೇಕು. ಮಕ್ಕಳು ಗೊಂದಲವನ್ನೂ ದಡ್ಡತನವನ್ನೂ ಒಂದೇ ಎಂದುಕೊಳ್ಳುತ್ತಾರೆ. ನಾನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ: ಗೊಂದಲವಾಯಿತು ಎಂದರೆ ನೀನು ಲೆಕ್ಕದ ಒಳಗೆ ಕಾಲಿಟ್ಟಿದ್ದೀಯೆ ಎಂದು ಅರ್ಥ, ಹೊರಗೆ ನಿಂತವರಿಗೆ ಗೊಂದಲವೇ ಆಗುವುದಿಲ್ಲ. ಇದನ್ನು ಕೇಳಿದ ದಿನ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ.

ಇನ್ನು ಖಾರದ ಆಟ. ನಮ್ಮ ಮಕ್ಕಳ ಮನೆಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ನಡೆಯುತ್ತದೆ, ಖಾರದ ಅಳತೆ ಅವರಿಗೆ ಗೊತ್ತು. ಬಾಯಿಲೆಕ್ಕ ಬಿಟ್ಟು ಬರೆಯುವ ಪ್ರತಿ ಲೆಕ್ಕದ ಪಕ್ಕ, ಓದುವ ಮೊದಲು, ಒಂದರಿಂದ ಮೂರು ಮೆಣಸಿನಕಾಯಿಯ ಚಿತ್ರ ಬರೆಯಬೇಕು: ಒಂದಾದರೆ ತಿನ್ನಬಹುದು, ಮೂರಾದರೆ ಕಣ್ಣಲ್ಲಿ ನೀರು. ಲೆಕ್ಕ ಮುಗಿದ ಮೇಲೆ ಮತ್ತೊಮ್ಮೆ ಬರೆಯಬೇಕು. ಎರಡು ವಾರ ಕಳೆಯುವಷ್ಟರಲ್ಲಿ ಮೊದಲು ಬರೆದ ಮೂರು ಕಾಯಿ ಆಮೇಲೆ ಒಂದೋ ಎರಡೋ ಆಗಿರುವುದನ್ನು ಮಕ್ಕಳೇ ಕಂಡುಕೊಂಡರು. ಆಗ ಬ್ಯಾಡಗಿ ಮೆಣಸಿನಕಾಯಿಯ ಮಾತು ತೆಗೆದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿ ಹೆಸರಾದದ್ದು ಕಡುಗೆಂಪು ಬಣ್ಣಕ್ಕೆ, ಖಾರ ಕಡಿಮೆ. ನೋಡಲು ಹೆದರಿಸುತ್ತದೆ, ಬಾಯಿಗಿಟ್ಟರೆ ಅಷ್ಟಿಲ್ಲ. ಅಂದಿನಿಂದ ನಮ್ಮ ತರಗತಿಯಲ್ಲಿ ‘ಇದು ಬ್ಯಾಡಗಿ ಲೆಕ್ಕ’ ಎಂಬ ಮಾತೇ ಹುಟ್ಟಿತು. ಕೆಲವು ಲೆಕ್ಕ ನಿಜವಾಗಿಯೂ ಮೂರು ಕಾಯಿಯವೇ ಇರುತ್ತವೆ. ಅದನ್ನೂ ಒಪ್ಪಿಕೊಳ್ಳಿ, ಮಗುವಿನ ಅಳತೆಯನ್ನು ತಿದ್ದಬೇಡಿ.

ಗದಗ ಬೆಟಗೇರಿಯ ನೇಕಾರರ ಮನೆಯ ಮಕ್ಕಳಿಗಾದರೆ ನೂಲಿನ ಗಂಟು ಇನ್ನೂ ಒಳ್ಳೆಯದು. ಎಳೆದಷ್ಟೂ ಬಿಗಿಯಾಗುತ್ತದೆ, ತುದಿ ಹುಡುಕಿದರೆ ಬಿಚ್ಚುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹೆಜ್ಜೆ 4: ಅಂಕಿಗಳನ್ನು ಮುಚ್ಚಿ ಓದಿಸಿ

ಅಂಜಿದ ಮಗು ಕತೆಲೆಕ್ಕದಲ್ಲಿ ಅಂಕಿಗಳನ್ನಷ್ಟೇ ನೋಡುತ್ತದೆ. ಎರಡು ಅಂಕಿ ಕಂಡರೆ ಯಾವುದಾದರೂ ಒಂದು ಕೆಲಸ ಮಾಡಿ ಮುಗಿಸಿಬಿಡುತ್ತದೆ. 1979ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮಕ್ಕಳಿಗೆ ಹೀಗೊಂದು ಲೆಕ್ಕ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ನಾಯಕನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಅಂಕಿಗಳಿಂದಲೇ ವಯಸ್ಸು ಹೇಳಿದರು. ಖಾಲಿ ಬಿಡುವುದಕ್ಕಿಂತ ಏನಾದರೂ ಬರೆಯುವುದು ಸುರಕ್ಷಿತ ಎಂದು ನಾವೇ ಕಲಿಸಿದ್ದರ ಫಲವಿದು ಎಂಬುದು ನನ್ನ ನಂಬಿಕೆ. ವಾರಕ್ಕೊಂದು ಇಂಥ ಲೆಕ್ಕ ಸೇರಿಸಿ. ‘ಅಕ್ಕೋರೇ, ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ’ ಎಂದು ಮಗು ಎದ್ದು ನಿಂತು ಹೇಳುವ ದಿನಕ್ಕಾಗಿ ಕಾಯಿರಿ.

ಮಾಡುವ ಬಗೆ ಹೀಗೆ. ಲೆಕ್ಕದ ಅಂಕಿಗಳ ಮೇಲೆ ಹುಣಸೆ ಬೀಜ ಇಟ್ಟು ಮುಚ್ಚಿ, ಕತೆಯನ್ನು ಓದಿ: ‘ಒಬ್ಬ ರೈತ ಮಾರುಕಟ್ಟೆಗೆ ಕೆಲವು ಚೀಲ ಮೆಣಸಿನಕಾಯಿ ತಂದ. ಒಂದೊಂದು ಚೀಲದ ತೂಕ ಇಷ್ಟು ಕಿಲೋ. ಮೊದಲ ದಿನ ಕೆಲವು ಚೀಲ ಮಾರಾಟವಾದವು. ಎಷ್ಟು ಕಿಲೋ ಮೆಣಸಿನಕಾಯಿ ಉಳಿಯಿತು?’ ಮಕ್ಕಳು ಮೊದಲು ಕತೆಯನ್ನು ತಮ್ಮ ಮಾತಿನಲ್ಲಿ ಹೇಳಲಿ. ರೈತನ ಕೈಯಲ್ಲಿ ಏನಿತ್ತು, ಏನು ಹೋಯಿತು? ಉತ್ತರ ಚೀಲದಲ್ಲಿ ಬೇಕೋ ಕಿಲೋದಲ್ಲಿ ಬೇಕೋ? ಆಮೇಲೆ ಒಂದೊಂದೇ ಬೀಜ ತೆಗೆಯಿರಿ: 12 ಚೀಲ, 45 ಕಿಲೋ, 7 ಚೀಲ. ಅಷ್ಟರಲ್ಲಿ ಐದು ಚೀಲ ಉಳಿದಿವೆ, ಐದನ್ನು 45ರಿಂದ ಗುಣಿಸಬೇಕು ಎಂದು ಯಾರೋ ಕೂಗಿರುತ್ತಾರೆ. 225 ಕಿಲೋ. ಮೊದಲಿಗೆ 540 ಕಿಲೋ ಮಾಡಿಕೊಂಡು 315 ಕಳೆದ ಮಗುವೂ ಸರಿಯೇ. ಎರಡು ದಾರಿಯನ್ನೂ ಹಲಗೆಯ ಮೇಲೆ ಬರೆಯಿರಿ.

‘ಒಟ್ಟು ಎಂದರೆ ಕೂಡಿಸು, ಉಳಿದದ್ದು ಎಂದರೆ ಕಳೆ’ ಎಂದು ದಯವಿಟ್ಟು ಹೇಳಿಕೊಡಬೇಡಿ. ‘ನಾವು 9 ರೊಟ್ಟಿ ತಿಂದ ಮೇಲೆ ಅಜ್ಜಿಯ ಬುಟ್ಟಿಯಲ್ಲಿ 12 ಉಳಿದವು, ಮೊದಲು ಎಷ್ಟಿದ್ದವು?’ ಎಂದು ಕೇಳಿದ ಕೂಡಲೇ ಆ ಸೂತ್ರ ಮಗುವನ್ನು ನಡುನೀರಿನಲ್ಲಿ ಕೈಬಿಡುತ್ತದೆ.

ಹೆಜ್ಜೆ 5: ಅಂದಾಜು, ಚಿತ್ರ, ಆಮೇಲೆ ಲೆಕ್ಕ

ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಸಮಸ್ಯೆ ಬಿಡಿಸಲು ನಾಲ್ಕು ಹಂತ ಹೇಳಿದರು: ಅರ್ಥ ಮಾಡಿಕೊಳ್ಳುವುದು, ಉಪಾಯ ಹೂಡುವುದು, ನಡೆಸುವುದು, ಹಿಂದಿರುಗಿ ನೋಡುವುದು. ಅಂಜುವ ಮಕ್ಕಳಿಗೆ ನಾನು ನಡುವೆ ಅಂದಾಜನ್ನು ಸೇರಿಸುತ್ತೇನೆ. ಅಂದಾಜು ತಪ್ಪಾಗುವುದಿಲ್ಲ, ಹತ್ತಿರವೋ ದೂರವೋ ಆಗುತ್ತದೆ. ಹಾಗಾಗಿ ಬಾಯಿ ಬಿಡಲು ಧೈರ್ಯ ಬರುತ್ತದೆ.

ಐದನೆಯ ತರಗತಿಗೆ ನನ್ನ ಮೆಚ್ಚಿನ ಲೆಕ್ಕ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಒಂದು ಬೋಗಿ ಸುಮಾರು 24 ಮೀಟರ್ ಎಂದು ಹಿಡಿದರೆ ಎಷ್ಟು ಬೋಗಿ ನಿಲ್ಲಬಹುದು? ಅಂಕಿ ನೋಡಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಮೂರು ಮೆಣಸಿನಕಾಯಿ ಬೀಳುತ್ತವೆ. ‘1500ನ್ನು 25ರ ತುಂಡು ಮಾಡಿ’ ಎಂದು ಹೇಳಿ. ನೂರಕ್ಕೆ ನಾಲ್ಕು, ಹದಿನೈದು ನೂರಕ್ಕೆ ಅರವತ್ತು. ಈಗ ಉತ್ತರ ಎಲ್ಲಿದೆಯೆಂದು ಮಗುವಿಗೆ ಗೊತ್ತು, ಕತ್ತಲೆಯಲ್ಲಿ ತಡಕಬೇಕಿಲ್ಲ. ಉದ್ದನೆಯ ಪಟ್ಟಿ ಬರೆದು ಬೋಗಿಗಳನ್ನು ಗುರುತಿಸಲಿ, ಆಮೇಲೆ ಭಾಗಿಸಲಿ: 62 ಬೋಗಿ, 19 ಮೀಟರ್ ಉಳಿಯುತ್ತದೆ. ಆ 19 ಮೀಟರಿನಲ್ಲಿ ಇನ್ನೊಂದು ಬೋಗಿ ನಿಲ್ಲಬಹುದೇ ಎಂಬ ಜಗಳಕ್ಕೆ ಹತ್ತು ನಿಮಿಷ ಬಿಟ್ಟುಕೊಡಿ. ಶೇಷ ಎಂದರೇನು ಎಂಬುದನ್ನು ಅಂಥ ಜಗಳದಷ್ಟು ಚೆನ್ನಾಗಿ ನಾನಂತೂ ಕಲಿಸಲಾರೆ.

ಹೆಜ್ಜೆ 6: ಮಗು ನಿಂತುಬಿಟ್ಟಾಗ

ಪ್ರಶ್ನೆ ಕೇಳಿ ಸುಮ್ಮನಿರಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳಲ್ಲಿ ಅಳೆದು ತೋರಿಸಿದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಎಷ್ಟು ದೀರ್ಘವೆಂದು ಹಲಗೆಯ ಮುಂದೆ ನಿಂತಾಗಲೇ ತಿಳಿಯುತ್ತದೆ.

ಆಮೇಲೆ ಮಾತು ಹೀಗೆ ಸಾಗಲಿ.

‘ನನಗೆ ತಿಳಿಯಲಿಲ್ಲ ಅಕ್ಕೋರೇ.’
‘ಎಲ್ಲಿಯವರೆಗೆ ತಿಳಿಯಿತು ತಂಗಿ?’
‘ಚೀಲ ತಂದದ್ದು ತಿಳಿಯಿತು.’
‘ಈಗ ಎದೆಯಲ್ಲಿ ಏನಾಗುತ್ತಿದೆ?’
‘ಢವಢವ ಎನ್ನುತ್ತಿದೆ.’
‘ಎನ್ನಲಿ. ಎರಡು ಸಲ ಉಸಿರು ಎಳೆದು ಬಿಡು. ಚೀಲ ತಂದ ಮೇಲೆ ರೈತ ಏನು ಮಾಡಿದ?’

ಇಷ್ಟೇ. ‘ಅಂಜಬೇಡ’ ಎಂದು ಹೇಳಿಲ್ಲ ಎಂಬುದನ್ನು ಗಮನಿಸಿ. ಅಂಜಬೇಡ ಎಂದರೆ ಅಂಜಿಕೆ ಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಭಾವನೆಯ ಬಗ್ಗೆ ಒಂದೇ ಪ್ರಶ್ನೆ, ತಕ್ಷಣ ಲೆಕ್ಕಕ್ಕೆ ಮರಳಬೇಕು. ಬಹಳ ಹೊತ್ತು ಭಾವನೆಯಲ್ಲೇ ನಿಂತರೆ ಮಗು ಲೆಕ್ಕ ತಪ್ಪಿಸಿಕೊಳ್ಳುವ ದಾರಿಯಾಗಿ ಅದನ್ನೇ ಕಲಿಯುತ್ತದೆ. ಮೊದಲ ವರ್ಷ ನನ್ನ ತರಗತಿಯಲ್ಲಿ ಹೀಗೆಯೇ ಆಯಿತು.

ಹೆಜ್ಜೆ 7: ತಪ್ಪಿನ ಒಳಗಿನ ಬುದ್ಧಿ

152ಕ್ಕೆ ಮರಳೋಣ. ಸೊನ್ನೆಯಲ್ಲಿ ಎರಡು ಹೋಗುವುದಿಲ್ಲ, ಆದ್ದರಿಂದ ಎರಡರಲ್ಲಿ ಸೊನ್ನೆ ಕಳೆದಳು. ಸೊನ್ನೆಯಲ್ಲಿ ಐದು ಹೋಗುವುದಿಲ್ಲ, ಐದರಲ್ಲಿ ಸೊನ್ನೆ ಕಳೆದಳು. ಎಡಗಡೆಯ ಒಂದನ್ನು ಹಾಗೆಯೇ ಇಳಿಸಿದಳು. ‘ಯಾವಾಗಲೂ ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು’ ಎಂದು ಎರಡನೆಯ ತರಗತಿಯಲ್ಲಿ ನಾವು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಇದನ್ನು ಅವಳಿಗೆ ಹೇಳಿದೆ: ‘ನೀನು ನಿಯಮದಂತೆಯೇ ಮಾಡಿದ್ದೀಯೆ, ನಾವು ಹೇಳಿಕೊಟ್ಟ ನಿಯಮ ಅರ್ಧದ್ದಾಗಿತ್ತು.’ ತಗ್ಗಿದ ತಲೆ ಮೇಲೆದ್ದಿತು.

ಆಮೇಲೆ ಕಡ್ಡಿಗಳು. ಹತ್ತು ಹತ್ತರ ಹತ್ತು ಕಟ್ಟು ಸೇರಿಸಿ ನೂರರ ಒಂದು ದೊಡ್ಡ ಕಟ್ಟು ಮಾಡಿ ಅವಳ ಕೈಗಿಟ್ಟೆ. 52 ಕಡ್ಡಿ ಕೊಡು ಎಂದೆ. ದೊಡ್ಡ ಕಟ್ಟು ಬಿಚ್ಚಿದಳು, ಐದು ಸಣ್ಣ ಕಟ್ಟು ಕೊಟ್ಟಳು, ಇನ್ನೊಂದನ್ನು ಬಿಚ್ಚಿ ಎರಡು ಕಡ್ಡಿ ಕೊಟ್ಟಳು. ಉಳಿದದ್ದು ನಾಲ್ಕು ಕಟ್ಟು, ಎಂಟು ಕಡ್ಡಿ. ಕೈ ಮಾಡಿದ್ದನ್ನೇ ಹಲಗೆಯ ಮೇಲೆ ಬರೆಸಿದೆ. ಸಂತೆಯಲ್ಲಿ ಅವಳು ಏರಿಸಿಕೊಂಡು ಹೋಗುವ ದಾರಿಯನ್ನೂ ಪಕ್ಕದಲ್ಲಿಯೇ ಬರೆಸಿದೆ. ಅದು ಶಾಲೆಯ ದಾರಿಗಿಂತ ಕೀಳಲ್ಲ.

ದಿನಕ್ಕೊಂದು ಒಳ್ಳೆಯ ತಪ್ಪನ್ನು, ಯಾರದೆಂದು ಹೇಳದೆ, ಹಲಗೆಯ ಮೂಲೆಯಲ್ಲಿ ಬರೆಯಿರಿ. ‘ಇವರು ಹೀಗೆ ಮಾಡಲು ಏನು ಯೋಚಿಸಿರಬಹುದು?’ ಎಂದು ಕೇಳಿ. ಇನ್ನೊಬ್ಬರ ತಲೆಯೊಳಗೆ ಹೊಕ್ಕು ನೋಡುವುದು ಗಣಿತವೂ ಹೌದು, ಕರುಣೆಯೂ ಹೌದು.

ಹೆಜ್ಜೆ 8: ಜೋಡಿ, ಮನೆ, ಪರೀಕ್ಷೆ

ಇಬ್ಬರಿಗೆ ಒಂದೇ ಪೆನ್ಸಿಲ್ ಕೊಡಿ. ಪೆನ್ಸಿಲ್ ಒಬ್ಬರ ಕೈಯಲ್ಲಿ, ಮಾತು ಇನ್ನೊಬ್ಬರ ಬಾಯಲ್ಲಿ. ಬರೆಯುವವರು ತಾವಾಗಿ ಏನೂ ಬರೆಯುವಂತಿಲ್ಲ. ವೇಗದ ಮಗುವಿಗೆ ಇದರಿಂದ ತಾಳ್ಮೆ ಬರುತ್ತದೆ.

ಮನೆಯಲ್ಲಿ ಹದಿನೈದು ನಿಮಿಷ ಸಾಕು. ಓದುಬರಹ ಬಾರದ ಅವ್ವನಿಗೂ ಒಂದು ದೊಡ್ಡ ಕೆಲಸವಿದೆ: ‘ನನಗೆ ತಿಳಿಸಿ ಹೇಳು’ ಎಂದು ಕೇಳುತ್ತ ಕೂರುವುದು. ಮಗ್ಗಿ ಕಂಠಪಾಠವಾಗಲಿ, ಅದು ಬೊಗಸೆಯನ್ನು ಹಗುರ ಮಾಡುತ್ತದೆ. ಆದರೆ ಬೀಗರು ಬಂದಾಗ ಎಬ್ಬಿಸಿ ನಿಲ್ಲಿಸಿ ಹೇಳಿಸುವುದು ಬೇಡ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಅಂಜಿಕೆಯನ್ನು ಬರೆದ ವಿದ್ಯಾರ್ಥಿಗಳು ಚೆನ್ನಾಗಿ ಮಾಡಿದ್ದನ್ನು 2011ರಲ್ಲಿ ಅಮೆರಿಕದ ಸಂಶೋಧಕರಾದ ರಮಿರೆಜ್ ಮತ್ತು ಬೈಲಾಕ್ ವರದಿ ಮಾಡಿದರು. ಅವರು ದೊಡ್ಡ ಮಕ್ಕಳು. ನಮ್ಮ ಚಿಕ್ಕವರಿಂದ ನಾನು ಚಿತ್ರ ಬರೆಸುತ್ತೇನೆ.

ಎಷ್ಟು ದಿನ ಬೇಕು, ಏನು ನೋಡಬೇಕು

ಒಂದು ತಿಂಗಳಲ್ಲಿ ಅಂಕ ಏರಲಿಲ್ಲವೆಂದು ಕೈಬಿಡಬೇಡಿ. ಮೊದಲ ವಾರದ ನೋಟ್‌ಬುಕ್ ತೆಗೆದು ಹೋಲಿಸಿ: ಖಾಲಿ ಬಿಟ್ಟ ಲೆಕ್ಕ ಎಷ್ಟು, ತೂತಾದ ಹಾಳೆ ಎಷ್ಟು, ನೀರಿಗೆಂದು ಎದ್ದು ಹೋದದ್ದು ಎಷ್ಟು ಸಲ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ‘ಕೂಡಿಸಬೇಕೋ ಕಳೆಯಬೇಕೋ’ ಎಂಬ ಪ್ರಶ್ನೆ ಕಡಿಮೆಯಾಗಿ, ಕತೆಯ ಬಗ್ಗೆ ಪ್ರಶ್ನೆ ಹೆಚ್ಚಾಗಬೇಕು.

ಆ ಹುಡುಗಿ ಹಲಗೆಗೆ ತಾನಾಗಿ ಬಂದದ್ದು ಮೂರು ತಿಂಗಳ ಮೇಲೆ. ಹನ್ನೆರಡು ಚೀಲ ಮೆಣಸಿನಕಾಯಿಯ ಲೆಕ್ಕವನ್ನೇ ಮತ್ತೊಮ್ಮೆ ಕೊಟ್ಟಿದ್ದೆ. ಸೀಮೆಸುಣ್ಣ ತೆಗೆದುಕೊಂಡವಳು ಬರೆಯಲಿಲ್ಲ, ನನ್ನ ಕಡೆ ತಿರುಗಿದಳು.

‘ಅಕ್ಕೋರೇ, 45 ಕಿಲೋ ಎಂದು ಬರೆದಿದ್ದಾರಲ್ಲ, ಅದು ಖಾಲಿ ಚೀಲದ ತೂಕವನ್ನು ಹಿಡಿದೋ, ಬಿಟ್ಟೋ?’